ಕರೆಂಟ್ ಹೋದ ಕೂಡಲೇ ನಮ್ಮ ಸೋಲಾರ್ ಕೂಡ ಬಂದ್ ಆಗುವುದು ಯಾಕೆ? ಊರಿಗೇ ಒಂದು ಮೈಕ್ರೋಗ್ರಿಡ್ ಮಾಡಬಹುದಾ?

ಪ್ರಶ್ನೆ: ನಾವು ಹೊಸನಗರ ತಾಲೂಕಿನವರು. ಊರಲ್ಲಿ 36 ಮನೆಗಳಿವೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ ನಾಲ್ಕೈದು ದಿನ ಕರೆಂಟ್ ಇರುವುದಿಲ್ಲ. ಕಳೆದ ವರ್ಷ ಸಬ್ಸಿಡಿಯಲ್ಲಿ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ! ಈಗ ಒಬ್ಬರು ಬಂದು, ಇಡೀ ಊರಿಗೆ ಸೋಲಾರ್ ಮತ್ತು ಬ್ಯಾಟರಿಯ ಮೈಕ್ರೋಗ್ರಿಡ್ ಹಾಕಿಕೊಡುತ್ತೇವೆ, ಆಮೇಲೆ ಮೇನ್ ಲೈನ್ ಬೇಡವೇ ಬೇಡ ಎನ್ನುತ್ತಿದ್ದಾರೆ. ನಂಬಬಹುದಾ? ಊರ ಹಿಂದಿನ ಗುಡ್ಡದಿಂದ ಒಂದು ಹಳ್ಳ ಇಳಿಯುತ್ತದೆ. ಅದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಕೊನೆಗೆ ಬಂದ ಹಳ್ಳವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅಲ್ಲಿಗೆ ಬರುತ್ತೇನೆ. ಮೊದಲು ನಿಮ್ಮ ಸೋಲಾರ್ ಯಾಕೆ ಕೈಕೊಡುತ್ತದೆ ನೋಡೋಣ. ಅದು ಅರ್ಥವಾದರೆ ಮೈಕ್ರೋಗ್ರಿಡ್ ಅರ್ಧ ಅರ್ಥವಾದ ಹಾಗೆ.

ನೀವು ಮಲೆನಾಡಿನವರು. ಯಕ್ಷಗಾನ ನೋಡಿಯೇ ಇರುತ್ತೀರಿ. ಆಟ ಆಡಿಸುವುದು ಭಾಗವತರು. ಅವರ ಜಾಗಟೆಯ ತಾಳಕ್ಕೆ ಮದ್ದಲೆ, ಚಂಡೆ, ವೇಷದ ಹೆಜ್ಜೆ ಎಲ್ಲ ಹೊಂದಿಕೊಂಡು ಹೋಗುತ್ತವೆ. ನಮ್ಮ ಕರೆಂಟಿಗೂ ಒಂದು ತಾಳ ಇದೆ. ಸೆಕೆಂಡಿಗೆ 50 ಸಲ ಅದು ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ 50 ಹರ್ಟ್ಸ್ ಎನ್ನುತ್ತಾರೆ. ಶರಾವತಿಯ ಟರ್ಬೈನ್, ರಾಯಚೂರಿನ ಕಲ್ಲಿದ್ದಲು ಸ್ಥಾವರ, ಪಾವಗಡದ ಸೋಲಾರ್ ಪಾರ್ಕ್ ಎಲ್ಲ ಒಂದೇ ತಾಳಕ್ಕೆ ಕುಣಿಯಬೇಕು. ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ನಿಮ್ಮ ಸೋಲಾರ್ ಇನ್ವರ್ಟರ್ ಮದ್ದಲೆಯವನ ಹಾಗೆ. ಅದು ಲೈನಿನಲ್ಲಿರುವ ತಾಳವನ್ನು ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ಕರೆಂಟನ್ನು ಲೈನಿಗೆ ಸೇರಿಸುತ್ತದೆ. ತಾನೇ ತಾಳ ಹಾಕುವುದು ಅದಕ್ಕೆ ಗೊತ್ತಿಲ್ಲ. ಭಾಗವತರು ಎದ್ದು ಹೋದರೆ ಅದೂ ಕೈ ಕಟ್ಟಿ ಕೂರುತ್ತದೆ.

ಇನ್ನೊಂದು ಕಾರಣವೂ ಇದೆ. ಇದನ್ನು ಊರಲ್ಲಿ ಎಲ್ಲರಿಗೂ ಹೇಳಿ. ಲೈನ್ ತುಂಡಾದಾಗ ನಿಮ್ಮ ಸೋಲಾರ್ ನಿಲ್ಲದೆ ಲೈನಿಗೆ ಕರೆಂಟ್ ತಳ್ಳುತ್ತಲೇ ಇದ್ದರೆ ಏನಾಗುತ್ತದೆ? ಅದು ಊರಿನ ಟಿಸಿಗೆ, ಎಂದರೆ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಟಿಸಿ ಎರಡೂ ಕಡೆಯಿಂದ ಕೆಲಸ ಮಾಡುವ ಯಂತ್ರ. 11 ಸಾವಿರ ವೋಲ್ಟನ್ನು ನಮ್ಮ ಮನೆಯ ಮಟ್ಟಕ್ಕೆ ಇಳಿಸುವ ಹಾಗೆಯೇ, ನಮ್ಮ ಮನೆಯ 230 ವೋಲ್ಟನ್ನು ಉಲ್ಟಾ 11 ಸಾವಿರಕ್ಕೆ ಏರಿಸಲೂ ಬಲ್ಲದು. ಮೇಲೆ ಕಂಬ ಹತ್ತಿದ ಲೈನ್‌ಮನ್ ಲೈನ್ ಆಫ್ ಆಗಿದೆ ಎಂದುಕೊಂಡು ಕೈ ಇಟ್ಟಿರುತ್ತಾನೆ. ಅದಕ್ಕೇ ನಿಮ್ಮದರಂಥ, ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಇನ್ವರ್ಟರುಗಳು ಲೈನ್ ಸತ್ತ ಕ್ಷಣದಲ್ಲಿ ತಾವೂ ಬಂದ್ ಆಗಲೇಬೇಕು ಎಂಬ ನಿಯಮ ಇದೆ. ನಿಮ್ಮ ಸೋಲಾರ್ ಕೆಟ್ಟಿಲ್ಲ, ಮಾಡಬೇಕಾದ್ದನ್ನೇ ಮಾಡುತ್ತಿದೆ. ಹಾಕಿಕೊಟ್ಟವರು ಅದನ್ನು ಮೊದಲೇ ಹೇಳಬೇಕಿತ್ತು, ಅಷ್ಟೇ.

ಹಾಗಾದರೆ ಮೈಕ್ರೋಗ್ರಿಡ್ ಎಂದರೇನು? ಊರೊಳಗೇ ಒಬ್ಬ ಭಾಗವತ. ಊರಿನ ಲೈನನ್ನು ಮೇನ್ ಲೈನಿನಿಂದ ಒಂದು ಸ್ವಿಚ್ಚಿನಲ್ಲಿ ಪೂರ್ತಿ ಬೇರೆ ಮಾಡಿ, ಒಳಗೆ ತಾನೇ 50 ಹರ್ಟ್ಸ್ ತಾಳ ಹಾಕುವ ಒಂದು ಯಂತ್ರ ಇಡುತ್ತಾರೆ. ಈಗ ಹೆಚ್ಚಾಗಿ ಅದು ಬ್ಯಾಟರಿಗೆ ಜೋಡಿಸಿದ ದೊಡ್ಡ ಇನ್ವರ್ಟರ್ ಆಗಿರುತ್ತದೆ. ಅದು ತಾಳ ಶುರು ಮಾಡಿದ ಕೂಡಲೇ ನಿಮ್ಮ ಮನೆಯ 3 ಕಿಲೋವ್ಯಾಟ್ ಸೋಲಾರ್ ಕೂಡ ‘ಓ, ಆಟ ನಡೀತಾ ಇದೆ’ ಅಂತ ಎದ್ದು ಸೇರಿಕೊಳ್ಳುತ್ತದೆ. ಮೇನ್ ಲೈನ್ ವಾಪಸ್ ಬಂದಾಗ ಎರಡು ತಾಳಗಳನ್ನೂ ಸರಿಯಾಗಿ ಹೊಂದಿಸಿಯೇ ಸ್ವಿಚ್ ಹಾಕಬೇಕು. ಒಂದೇ ರಂಗದಲ್ಲಿ ಇಬ್ಬರು ಭಾಗವತರು ಬೇರೆ ಬೇರೆ ತಾಳ ಹಾಕಿದರೆ ಏನಾಗುತ್ತದೆ ಯೋಚಿಸಿ. ಇಲ್ಲಿ ಸುಟ್ಟು ಹೋಗುವುದು ಇನ್ವರ್ಟರ್.

ಈ ಭಾಗವತನ ಕೆಲಸ ಕಷ್ಟದ್ದು. ಕರೆಂಟನ್ನು ಲೈನಿನಲ್ಲಿ ಕೂಡಿಡಲು ಆಗುವುದಿಲ್ಲ. ಈ ಕ್ಷಣ ಎಷ್ಟು ಖರ್ಚಾಗುತ್ತದೋ ಅಷ್ಟೇ ಈ ಕ್ಷಣ ತಯಾರಾಗಬೇಕು. ದೊಡ್ಡ ಗ್ರಿಡ್ಡಿನಲ್ಲಿ ಕೋಟಿಗಟ್ಟಲೆ ಜನ ಇರುತ್ತಾರೆ. ಒಬ್ಬರು ಮಿಕ್ಸಿ ಹಾಕಿದರೆ ಇನ್ನೊಬ್ಬರು ಗೀಸರ್ ಆಫ್ ಮಾಡಿರುತ್ತಾರೆ. ಎಲ್ಲ ಸರಿದೂಗುತ್ತದೆ. 36 ಮನೆಯ ಊರಲ್ಲಿ ಹಾಗಲ್ಲ. ಬೆಳಿಗ್ಗೆ ಏಳೂವರೆಗೆ ಎಲ್ಲರ ಮನೆಯಲ್ಲೂ ಚಟ್ನಿ ರುಬ್ಬುವ ಹೊತ್ತು. ಮೋಟರ್ ಬೇರೆ ಇದೆ. ಯಾವ ಮೋಟರ್ ಆದರೂ ಚಾಲೂ ಆಗುವ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಈ ಏರಿಳಿತವನ್ನೆಲ್ಲ ಬ್ಯಾಟರಿ ಮತ್ತು ಅದರ ಇನ್ವರ್ಟರ್ ಕಣ್ಣು ಮಿಟುಕಿಸುವುದರೊಳಗೆ ತುಂಬಿಕೊಡಬೇಕು. ರಾತ್ರಿಗೆ ಕರೆಂಟ್ ಕೂಡಿಡುವುದಷ್ಟೇ ಬ್ಯಾಟರಿಯ ಕೆಲಸ ಎಂದು ತುಂಬಾ ಜನ ತಿಳಿದಿದ್ದಾರೆ. ಮೈಕ್ರೋಗ್ರಿಡ್ಡಿನಲ್ಲಿ ಅದು ಹಗಲಲ್ಲೂ ಕ್ಷಣಕ್ಷಣ ದುಡಿಯುತ್ತಿರುತ್ತದೆ.

ಉಲ್ಟಾ ತೊಂದರೆಯೂ ಬರುತ್ತದೆ. ಬಿಸಿಲು ಚೆನ್ನಾಗಿದೆ, ಬ್ಯಾಟರಿ ತುಂಬಿದೆ, ಊರಲ್ಲಿ ಖರ್ಚು ಇಲ್ಲ. ಹೆಚ್ಚಾದ ಕರೆಂಟ್ ಎಲ್ಲಿಗೆ ಹೋಗಬೇಕು? ಇದಕ್ಕೆ ಮಾಡಿರುವ ಉಪಾಯ ನನಗೆ ತುಂಬಾ ಇಷ್ಟ. ಬ್ಯಾಟರಿ ಇನ್ವರ್ಟರ್ ಬೇಕಂತಲೇ ತಾಳವನ್ನು ಸ್ವಲ್ಪ ಚುರುಕು ಮಾಡುತ್ತದೆ. 50 ಹರ್ಟ್ಸ್ ಇದ್ದದ್ದನ್ನು 51ರ ಮೇಲಕ್ಕೆ ಒಯ್ಯುತ್ತದೆ. ಮನೆಗಳ ಸೋಲಾರ್ ಇನ್ವರ್ಟರುಗಳು ಆ ಲಯ ಕೇಳಿಯೇ ‘ಸಾಕು’ ಎಂದು ತಿಳಿದು ಉತ್ಪಾದನೆ ಇಳಿಸುತ್ತವೆ. ನಡುವೆ ಬೇರೆ ತಂತಿ ಬೇಡ, ಇಂಟರ್ನೆಟ್ ಬೇಡ, ಫೋನ್ ಬೇಡ. ಭಾಗವತರು ಕಣ್ಸನ್ನೆಯಲ್ಲೇ ಮದ್ದಲೆಯವನಿಗೆ ಹೇಳುವುದಿಲ್ಲವೇ, ಹಾಗೆ.

ಇನ್ನು ನಿಮ್ಮ ಊರಿನ ಲೆಕ್ಕ. ಮೇನ್ ಲೈನ್ ಇಲ್ಲದ ದಿನ ಒಂದು ಮನೆಗೆ ನಿಜವಾಗಿ ಏನು ಬೇಕು? ಐದು ಎಲ್‌ಇಡಿ ಬಲ್ಬು, ಮೊಬೈಲ್, ವೈಫೈ, ಸ್ವಲ್ಪ ಹೊತ್ತು ಟಿವಿ, ಹತ್ತು ನಿಮಿಷ ಮಿಕ್ಸಿ, ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಯೂನಿಟ್ ಸಾಕು. ಫ್ರಿಜ್ ಸೇರಿಸಿದರೆ ಇನ್ನೊಂದು ಯೂನಿಟ್. ಮಳೆಗಾಲದಲ್ಲಿ ಫ್ಯಾನ್ ಬೇಡ. ಒಂದು ಮನೆಗೆ ಒಂದೂ ಮುಕ್ಕಾಲು ಯೂನಿಟ್ ಎಂದರೆ 36 ಮನೆಗೆ 63. ಕುಡಿಯುವ ನೀರಿನ ಪಂಪು ಸೇರಿಸಿ 70 ಎಂದಿಟ್ಟುಕೊಳ್ಳೋಣ. ತೋಟದ ಮೋಟರ್, ಗೀಸರ್, ಇಂಡಕ್ಷನ್ ಒಲೆ ಇದರಲ್ಲಿಲ್ಲ. ಅವನ್ನು ಸೇರಿಸಿದರೆ ಲೆಕ್ಕ ಕೈಮೀರುತ್ತದೆ. ಸುರಿಯುವ ಮಳೆಯಲ್ಲಿ ತೋಟಕ್ಕೆ ನೀರು ಹಾಯಿಸುವವರು ಯಾರೂ ಇಲ್ಲ, ಅಲ್ವಾ?

ಈ 70 ಯೂನಿಟ್ಟನ್ನು ಬರೀ ಸೋಲಾರ್‌ನಿಂದ ತೆಗೆಯೋಣ. ನಮ್ಮ ರಾಜ್ಯದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್‌ಗೆ ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್ ಹಿಡಿಯುವುದು ರೂಢಿ. ಮಾರಾಟಗಾರರು ಹೇಳುವುದೂ ಅದನ್ನೇ. ಸುಳ್ಳೇನಲ್ಲ. ಆದರೆ ನಿಮಗೆ ಬೇಕಾಗಿರುವುದು ಪುನರ್ವಸು, ಪುಷ್ಯ ಮಳೆ ಹೊಡೆಯುವ ದಿನದ ಲೆಕ್ಕ. ಆಗ ಒಂದೂವರೆ ಯೂನಿಟ್ ಬಂದರೆ ಪುಣ್ಯ. ನನ್ನ ಮಾತು ನಂಬಬೇಡಿ, ನಿಮ್ಮ ಇನ್ವರ್ಟರಿನ ಆ್ಯಪ್‌ನಲ್ಲಿ ಕಳೆದ ಜುಲೈ ತಿಂಗಳನ್ನು ತೆಗೆದು ನೋಡಿ. ಆ ಲೆಕ್ಕದಲ್ಲಿ ನಿಮ್ಮ ಊರಿಗೆ ಸುಮಾರು 50 ಕಿಲೋವ್ಯಾಟ್ ಪ್ಯಾನೆಲ್ ಬೇಕು. ಅದಕ್ಕೆ 500 ಚದರ ಮೀಟರ್, ನೆರಳಿಲ್ಲದ ಜಾಗ ಬೇಕು. ಅಡಿಕೆ ತೋಟದ ಊರಲ್ಲಿ ಅಷ್ಟು ಬಯಲು ಎಲ್ಲಿದೆ? ಎರಡು ದಿನ ಪೂರ್ತಿ ಕತ್ತಲು ಕವಿದರೆ ಎಂದು 140 ಯೂನಿಟ್ ಹಿಡಿಯುವ ಬ್ಯಾಟರಿಯೂ ಬೇಕು. ಇಷ್ಟೆಲ್ಲ ಮಾಡಿದರೆ ಮಾರ್ಚ್ ತಿಂಗಳಲ್ಲಿ ದಿನಕ್ಕೆ 200 ಯೂನಿಟ್ ಉತ್ಪಾದನೆಯಾಗಿ, ಬೇಕಾದ 70 ಕಳೆದು ಉಳಿದ 130 ಸುಮ್ನೆ ಬಿದ್ದಿರುತ್ತದೆ.

ಬರೀ ಸೋಲಾರ್ ಮತ್ತು ಬ್ಯಾಟರಿ ಕೆಲಸವನ್ನೇ ಮಾಡುವುದಿಲ್ಲ ಎಂದು ಹೇಳುತ್ತಿಲ್ಲ. ಪೆಸಿಫಿಕ್ ಸಾಗರದಲ್ಲಿ ಅಮೆರಿಕನ್ ಸಮೋವಾಕ್ಕೆ ಸೇರಿದ ತಾಊ ಎಂಬ ದ್ವೀಪ ಇದೆ. ಇರುವುದು ಕೆಲವು ನೂರು ಜನ. ಮೊದಲು ಪೂರ್ತಿ ಡೀಸೆಲ್ ಮೇಲೆ ನಡೆಯುತ್ತಿತ್ತು. ಡೀಸೆಲ್ ತರುವ ಹಡಗು ತಡವಾದರೆ ಕರೆಂಟಿಗೂ ರೇಷನ್. 2016ರಲ್ಲಿ ಅಲ್ಲಿ 1.4 ಮೆಗಾವ್ಯಾಟ್ ಸೋಲಾರ್, 6 ಮೆಗಾವ್ಯಾಟ್ ಅವರ್ ಬ್ಯಾಟರಿ ಹಾಕಿದರು. ಎಂದರೆ 6,000 ಯೂನಿಟ್ ಹಿಡಿಯುವ ಬ್ಯಾಟರಿ. ಬಿಸಿಲೇ ಇಲ್ಲದೆ ಸುಮಾರು ಮೂರು ದಿನ ದ್ವೀಪವನ್ನು ನಡೆಸುತ್ತದೆ. ಅಲ್ಲಿಗೆ ಇದು ಸರಿ. ಬಿಸಿಲು ಧಾರಾಳ, ಡೀಸೆಲ್ ದುಬಾರಿ, ಬೇರೆ ದಾರಿಯೇ ಇಲ್ಲ. ನಿಮ್ಮಲ್ಲಿ ತಿಂಗಳುಗಟ್ಟಲೆ ಮೋಡ. ತಾಊ ತೋರಿಸಿ ನಿಮಗೆ ಸರಕು ಮಾರಲು ಬಂದರೆ ಒಪ್ಪಬೇಡಿ.

ನಿಮ್ಮ ಊರಿಗೆ ಹೋಲುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಐಗ್ ದ್ವೀಪ. ಇದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸುಮಾರು ನೂರು ಜನ ಇರುವ ಜಾಗ. 1997ರಲ್ಲಿ ಅಲ್ಲಿಯ ಜನ ಸೇರಿ, ಹೊರಗಿನವರ ನೆರವನ್ನೂ ಪಡೆದು, ದ್ವೀಪವನ್ನೇ ಜಮೀನುದಾರನ ಕೈಯಿಂದ ಕೊಂಡುಕೊಂಡರು. ಆಗ ಮೇನ್ ಲೈನ್ ಅಲ್ಲಿಗೆ ಬಂದಿರಲಿಲ್ಲ. ಮನೆಮನೆಗೂ ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದರು. 2008ರ ಫೆಬ್ರವರಿ 1ರಂದು ಅವರದೇ ಗ್ರಿಡ್ ಚಾಲೂ ಆಯಿತು. ದಿನದ 24 ಗಂಟೆ ಕರೆಂಟ್ ಬಂದಿದ್ದು ಅಂದೇ ಮೊದಲು.

ಅಲ್ಲಿ ಮೂರು ಮೂಲಗಳನ್ನು ಜೋಡಿಸಿದ್ದಾರೆ. 100 ಕಿಲೋವ್ಯಾಟಿನ ಒಂದು ಜಲವಿದ್ಯುತ್ ಘಟಕ, ಜೊತೆಗೆ ಐದಾರು ಕಿಲೋವ್ಯಾಟಿನ ಎರಡು ಚಿಕ್ಕವು. 6 ಕಿಲೋವ್ಯಾಟಿನ ನಾಲ್ಕು ಗಾಳಿಯಂತ್ರಗಳು. ಸೋಲಾರ್ ಮೊದಲು ಸ್ವಲ್ಪವೇ ಇತ್ತು, ಆಮೇಲೆ 50 ಕಿಲೋವ್ಯಾಟಿಗೆ ಏರಿಸಿದರು. ಅಲ್ಲಿಯ ಚಳಿಗಾಲದಲ್ಲಿ ಮಳೆ ಮತ್ತು ಗಾಳಿ ಜಾಸ್ತಿ, ಬಿಸಿಲು ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ಹಳ್ಳ ಸೊರಗುತ್ತದೆ, ಹಗಲು ಉದ್ದವಾಗಿ ಬಿಸಿಲು ಸಿಗುತ್ತದೆ. ಒಂದು ಮಲಗಿದಾಗ ಇನ್ನೊಂದು ಏಳುತ್ತದೆ. ನಡುವಿನ ತೂತನ್ನು ಮುಚ್ಚಲು ಒಂದು ದಿನದ ಮಟ್ಟಿಗೆ ತಡೆಯುವ ಬ್ಯಾಟರಿ, ತೀರಾ ಕೈಕೊಟ್ಟರೆ ಇರಲಿ ಎಂದು ಡೀಸೆಲ್ ಜನರೇಟರ್. ಬೇರೆ ಬೇರೆ ಕಾಲಕ್ಕೆ ಬರುವ ಮೂಲಗಳನ್ನು ಜೋಡಿಸಿದ್ದರಿಂದಲೇ ಬ್ಯಾಟರಿ ಚಿಕ್ಕದಾಯಿತು. ಬ್ಯಾಟರಿಯೇ ದುಬಾರಿ ಬಾಬ್ತು. ಅದನ್ನು ಚಿಕ್ಕದು ಮಾಡಿದವನೇ ಜಾಣ.

ಐಗ್‌ನವರ ಇನ್ನೊಂದು ಜಾಣತನ ಕಟ್ಟುಪಾಡಿನಲ್ಲಿದೆ. ಮನೆಗೆ 5 ಕಿಲೋವ್ಯಾಟ್, ಅಂಗಡಿ ಮುಂತಾದ ವ್ಯವಹಾರಕ್ಕೆ 10 ಕಿಲೋವ್ಯಾಟ್. ಯಾರೂ ಒಂದೇ ಹೊತ್ತಿಗೆ ಅದಕ್ಕಿಂತ ಜಾಸ್ತಿ ಎಳೆಯುವಂತಿಲ್ಲ. ದಾಟಿದರೆ ಆ ಮನೆಯದು ಟ್ರಿಪ್ ಆಗುತ್ತದೆ. ವಾಷಿಂಗ್ ಮಷೀನ್ ಓಡುವಾಗ ನೀರು ಕಾಯಿಸಬೇಕಾ ಎಂದು ಯೋಚಿಸಿ ಸ್ವಿಚ್ ಹಾಕುವುದು ಅಲ್ಲಿಯವರಿಗೆ ಅಭ್ಯಾಸವಾಗಿದೆ. ಹೆಚ್ಚಾದ ಕರೆಂಟ್ ಏನಾಗುತ್ತದೆ ಗೊತ್ತೇ? ಚರ್ಚು, ಸಮುದಾಯ ಭವನಗಳ ಹೀಟರಿಗೆ ಹೋಗುತ್ತದೆ. ಊರೊಟ್ಟಿನ ಜಾಗ ಬೆಚ್ಚಗಾಗುತ್ತದೆ.

ಈಗ ನಿಮ್ಮ ಹಳ್ಳ. ನಿಮ್ಮಲ್ಲಿ ಕರೆಂಟ್ ಹೋಗುವುದೇ ಮಳೆಯಿಂದ. ಹಳ್ಳ ತುಂಬಿ ಹರಿಯುವುದೂ ಮಳೆಯಿಂದ. ಇಷ್ಟು ಒಳ್ಳೆಯ ಜೋಡಿ ಸುಲಭಕ್ಕೆ ಸಿಗುವುದಿಲ್ಲ. ಮಲೆನಾಡಿನ ಎಷ್ಟೋ ಒಂಟಿ ಮನೆಗಳಲ್ಲಿ ಅಬ್ಬಿ ನೀರಿಗೆ ಚಿಕ್ಕ ಟರ್ಬೈನ್ ಕೂರಿಸಿ ವರ್ಷಗಳಿಂದ ದೀಪ ಉರಿಸುತ್ತಿದ್ದಾರೆ. ನಿಮ್ಮ ಸುತ್ತಮುತ್ತ ವಿಚಾರಿಸಿದರೆ ಒಂದಾದರೂ ಸಿಕ್ಕೀತು. ಹೋಗಿ ನೋಡಿ ಬನ್ನಿ.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ, ಎರಡನ್ನೂ ಗುಣಿಸಿ 9.8ರಿಂದ ಮತ್ತೆ ಗುಣಿಸಿ. ಬಂದದ್ದು ವ್ಯಾಟ್. ಚಿಕ್ಕ ಯಂತ್ರಗಳಲ್ಲಿ ಅದರ ಅರ್ಧದಷ್ಟು ಅಥವಾ ಸ್ವಲ್ಪ ಮೇಲೆ ಕೈಗೆ ಸಿಗುತ್ತದೆ. ಉದಾಹರಣೆಗೆ, ಸೆಕೆಂಡಿಗೆ 15 ಲೀಟರ್, 40 ಮೀಟರ್ ಎತ್ತರ. ಗುಣಿಸಿದರೆ 5,900 ವ್ಯಾಟಿನ ಹತ್ತಿರ ಬರುತ್ತದೆ. ನೂರಕ್ಕೆ 55ರಷ್ಟು ಹಿಡಿದರೆ 3.2 ಕಿಲೋವ್ಯಾಟ್. ನಿಮ್ಮ ಮನೆ ಸೋಲಾರಿನಷ್ಟೇ ಎನಿಸಬಹುದು. ಆದರೆ ಹಳ್ಳ ರಾತ್ರಿ ಮಲಗುವುದಿಲ್ಲ. 24 ಗಂಟೆಗೆ 77 ಯೂನಿಟ್! 50 ಕಿಲೋವ್ಯಾಟ್ ಸೋಲಾರ್ ಜಡಿಮಳೆಯಲ್ಲಿ ಕಷ್ಟಪಟ್ಟು ಕೊಡುವುದನ್ನು 3 ಕಿಲೋವ್ಯಾಟಿನ ಟರ್ಬೈನ್ ಆರಾಮಾಗಿ ಕೊಡುತ್ತದೆ.

ಬ್ಯಾಟರಿಯ ಲೆಕ್ಕವೂ ಇಳಿಯುತ್ತದೆ. ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ಊರೆಲ್ಲ ದೀಪ, ಟಿವಿ, ಫ್ರಿಜ್ ಸೇರಿ 9 ಕಿಲೋವ್ಯಾಟ್ ಬೇಕಾಯಿತು ಎನ್ನೋಣ. ಟರ್ಬೈನ್ 3.2 ಕೊಡುತ್ತಿದೆ. ಉಳಿದದ್ದನ್ನು ಮೂರು ಗಂಟೆ ಬ್ಯಾಟರಿ ತುಂಬಿಕೊಡಬೇಕು. ಸುಮಾರು 17 ಯೂನಿಟ್ ಆಯಿತು. 25 ಯೂನಿಟ್ಟಿನ ಬ್ಯಾಟರಿ ಧಾರಾಳ ಸಾಕು. ಎಲ್ಲರೂ ಮಲಗಿದ ಮೇಲೆ ಹಳ್ಳ ಅದನ್ನು ಮತ್ತೆ ತುಂಬುತ್ತದೆ. 140 ಎಲ್ಲಿ, 25 ಎಲ್ಲಿ!

ಟರ್ಬೈನಿಗೆ ಒಂದು ಗುಣ ಇದೆ. ನೀರು ಬೀಳುತ್ತಿರುವ ತನಕ ಅದು ತಯಾರು ಮಾಡುತ್ತಲೇ ಇರುತ್ತದೆ. ಖರ್ಚು ಇಲ್ಲದಿದ್ದರೆ ಹುಚ್ಚು ವೇಗದಲ್ಲಿ ತಿರುಗತೊಡಗುತ್ತದೆ. ಅದಕ್ಕಾಗಿ ಒಂದು ಲೋಡ್ ಕಂಟ್ರೋಲರ್ ಇಟ್ಟು ಹೆಚ್ಚಾದದ್ದನ್ನು ಹೀಟರಿಗೆ ಬಿಡುತ್ತಾರೆ. ಐಗ್‌ನವರು ಚರ್ಚು ಬೆಚ್ಚಗೆ ಮಾಡಿಕೊಂಡರು. ಆಷಾಢದಲ್ಲಿ ವಾರವಾದರೂ ಬಟ್ಟೆ ಒಣಗದ ನಿಮ್ಮ ಊರಲ್ಲಿ ಈ ಬಿಸಿಗೆ ಏನು ಕೆಲಸ ಕೊಡಬೇಕೆಂದು ಮನೆಯ ಹೆಂಗಸರನ್ನು ಕೇಳಿ. ಇಂಜಿನಿಯರಿಗಿಂತ ಚೆನ್ನಾಗಿ ಹೇಳುತ್ತಾರೆ.

ದುಡ್ಡು ಉಳಿಸಲು ಹೋಗಿ ಎಲ್ಲರೂ ಎಡವುವುದು ಪೈಪಿನಲ್ಲಿ. ಮೇಲಿನ ಉದಾಹರಣೆಯ ನೀರನ್ನು 200 ಮೀಟರ್ ಉದ್ದದ ಮೂರಿಂಚಿನ ಪೈಪಿನಲ್ಲಿ ಇಳಿಸಿದರೆ, 40 ಮೀಟರ್ ಎತ್ತರದಲ್ಲಿ ಸುಮಾರು 25 ಮೀಟರಿನಷ್ಟು ಪೈಪಿನ ಒಳಗಿನ ತಿಕ್ಕಾಟಕ್ಕೇ ಹೋಗುತ್ತದೆ. ಐದಿಂಚಿನದ್ದು ಹಾಕಿದರೆ ಹೋಗುವುದು 2 ಮೀಟರ್ ಆಸುಪಾಸು. ಟರ್ಬೈನ್ ಒಂದೇ, ಹಳ್ಳವೂ ಒಂದೇ, ಸಿಗುವ ಕರೆಂಟ್ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಪೈಪಿನ ಬಾಯಿಗೆ ಜಾಲರಿ ಹಾಕಿ. ದರಗು ಕಟ್ಟಿಕೊಳ್ಳುತ್ತದೆ. ಮಳೆಯಲ್ಲಿ ದಿನಾ ಯಾರಾದರೂ ಹೋಗಿ ತೆಗೆಯಬೇಕು. ಯಾರು ಹೋಗುತ್ತಾರೆ ಎಂಬುದನ್ನು ಟರ್ಬೈನ್ ತರುವ ಮೊದಲೇ ತೀರ್ಮಾನಿಸಿ.

ಬ್ಯಾಟರಿ ಯಾವುದು ಎಂದು ಕೇಳುತ್ತೀರಿ. ಲಿಥಿಯಂ ಐರನ್ ಫಾಸ್ಫೇಟ್ ತೆಗೆದುಕೊಳ್ಳಿ. ನಮ್ಮ ಯುಪಿಎಸ್‌ಗಳಲ್ಲಿರುವ ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ಲಿಥಿಯಂ ಫಾಸ್ಫೇಟನ್ನು ನೂರಕ್ಕೆ 80ರವರೆಗೆ ಬಳಸಬಹುದು, ತುಂಬಿ ಖಾಲಿ ಮಾಡುವ ಸುತ್ತು ಸಾವಿರಗಟ್ಟಲೆ ತಡೆಯುತ್ತದೆ. ಮೊದಲ ಖರ್ಚು ಜಾಸ್ತಿ, ನಿಜ. ಹಿಂದೆ ಒಂದು ಊರಲ್ಲಿ ನಾನೇ ಕಡಿಮೆ ಬೆಲೆಗೆ ಮರುಳಾಗಿ ಟ್ಯೂಬ್ಯುಲರ್ ಹಾಕಿಸಿದ್ದೆ. ನೀರು ಹಾಕುವ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಬೇರೆ ಯಾರೂ ಮುಚ್ಚಳ ತೆಗೆದು ನೋಡಲಿಲ್ಲ. ಮೂರನೇ ಮಳೆಗಾಲದ ಹೊತ್ತಿಗೆ ಬ್ಯಾಟರಿಗಳೆಲ್ಲ ಕಲ್ಲಾಗಿದ್ದವು. ತಪ್ಪು ಆ ಹುಡುಗನದ್ದಲ್ಲ, ಒಬ್ಬನನ್ನೇ ನಂಬಿ ಕೂತ ನನ್ನದು.

ಈಗ ‘ಮೇನ್ ಲೈನ್ ಬೇಡವೇ ಬೇಡ’ ಎಂಬ ಮಾತಿಗೆ ಬರೋಣ. ಇದಕ್ಕೆ ಬಿಹಾರದ ಧರ್ನಾಯಿ ಊರು ನೆನಪಾಗುತ್ತದೆ. ಜೆಹಾನಾಬಾದ್ ಜಿಲ್ಲೆಯಲ್ಲಿದೆ. ಸುಮಾರು 30 ವರ್ಷ ಆ ಊರಿಗೆ ಕರೆಂಟೇ ಇರಲಿಲ್ಲ. 2014ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆ ಮುಂದೆ ನಿಂತು 100 ಕಿಲೋವ್ಯಾಟಿನ ಸೋಲಾರ್ ಮೈಕ್ರೋಗ್ರಿಡ್ ಹಾಕಿಸಿತು. 70 ಕಿಲೋವ್ಯಾಟ್ ಮನೆ, ಅಂಗಡಿಗಳಿಗೆ, 30 ಕಿಲೋವ್ಯಾಟ್ ನೀರಿನ ಪಂಪುಗಳಿಗೆ ಎಂದು ಹಂಚಿದ್ದರು. ದೇಶವೆಲ್ಲ ಹೊಗಳಿತು. ಆದರೆ ಆಗ ಮಾಜಿ ಮುಖ್ಯಮಂತ್ರಿಯಾಗಿದ್ದ ನಿತೀಶ್ ಕುಮಾರ್ ಊರಿಗೆ ಬಂದಾಗ ಜನ ಕೇಳಿದ್ದೇ ಬೇರೆ. ನಮಗೆ ‘ಅಸಲಿ ಬಿಜಲಿ’ ಬೇಕು, ಈ ‘ನಕಲಿ ಬಿಜಲಿ’ ಅಲ್ಲ ಎಂದರು. ಫ್ರಿಜ್ಜಿನಂಥ ಜಾಸ್ತಿ ಎಳೆಯುವ ಸಾಮಾನು ಹಾಕುವಂತಿರಲಿಲ್ಲ. ಯೂನಿಟ್ ದರವೂ ಸರ್ಕಾರಿ ಕರೆಂಟಿಗಿಂತ ಜಾಸ್ತಿ. ಸ್ವಲ್ಪ ದಿನದಲ್ಲೇ ಮೇನ್ ಲೈನ್ ಬಂತು. ಜನ ಒಬ್ಬೊಬ್ಬರಾಗಿ ಆ ಕಡೆ ಹೋದರು. ದುಡ್ಡು ಬರುವುದು ನಿಂತಿತು, ಬ್ಯಾಟರಿಗಳು ಸತ್ತವು, ಹೊಸದಕ್ಕೆ ಹಣ ಇರಲಿಲ್ಲ. ಕೊನೆಗೆ ಆ ಆವರಣದಲ್ಲಿ ದನ ಕಟ್ಟುವಂತಾಯಿತು.

ನಿಮ್ಮ ಊರಿಗೆ ಅಸಲಿ ಬಿಜಲಿ ಆಗಲೇ ಬಂದಿದೆ. ಅಷ್ಟೇ ಅಲ್ಲ, 2023ರಿಂದ ಗೃಹಜ್ಯೋತಿಯಲ್ಲಿ, 200 ಯೂನಿಟ್ ಮೀರದ ಹಾಗೆ, ಮನೆಯ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಮೇಲಿನವರೆಗೆ ಬಿಲ್ಲೇ ಇಲ್ಲ. ಪುಕ್ಕಟೆ ಕರೆಂಟಿನ ಎದುರು ಯಾವ ಮೈಕ್ರೋಗ್ರಿಡ್ ದರದಲ್ಲಿ ಗೆಲ್ಲುತ್ತದೆ? ಮೇನ್ ಲೈನ್ ಬಿಡಬೇಡಿ. ವರ್ಷದ 330 ದಿನ ಅದೇ ಇರಲಿ. ಉಳಿದ ದಿನಕ್ಕೆ ಮಾತ್ರ ನಿಮ್ಮದು ಏಳಬೇಕು. ಹಾಗಾಗಿ ಯೂನಿಟ್ ಲೆಕ್ಕದಲ್ಲಿ ಬಿಲ್ ಮಾಡಬೇಡಿ, ಯಾರೂ ಕೊಡುವುದಿಲ್ಲ. ಮನೆಗೆ ತಿಂಗಳಿಗೆ ಇಷ್ಟು ಎಂದು ಹಾಲಿನ ಸೊಸೈಟಿಯೋ ಸ್ವಸಹಾಯ ಸಂಘವೋ ಸಂಗ್ರಹಿಸಿ, ಬ್ಯಾಟರಿ ನಿಧಿ ಎಂದು ಬೇರೆ ಖಾತೆಯಲ್ಲಿ ಇಡಲಿ. ಬ್ಯಾಟರಿ ಇವತ್ತಲ್ಲ ನಾಳೆ ಸಾಯುತ್ತದೆ. ಆ ದಿನಕ್ಕೆ ದುಡ್ಡು ಕೂಡಿಡದ ಊರಿನ ಮೈಕ್ರೋಗ್ರಿಡ್ ಬ್ಯಾಟರಿಯ ಜೊತೆಯೇ ಸಾಯುತ್ತದೆ.

ಕಾನೂನಿನ ವಿಷಯ ಚುಟುಕಾಗಿ. 2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರ ಗ್ರಾಮೀಣ ಎಂದು ಸೂಚಿಸಿದ ಪ್ರದೇಶದಲ್ಲಿ ಕರೆಂಟ್ ತಯಾರಿಸಿ ಹಂಚಲು ಲೈಸೆನ್ಸ್ ಬೇಡ. ಆದರೆ ಸುರಕ್ಷತೆಯ ನಿಯಮ ಪಾಲಿಸಲೇಬೇಕು. ವಿದ್ಯುತ್ ಕಂಪನಿಯ ಕಂಬ, ತಂತಿಗಳನ್ನು ಅವರ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ. ಯಾಕೆಂದು ಟಿಸಿಯ ಕಥೆಯಲ್ಲಿ ಹೇಳಿದೆನಲ್ಲ. ನಿಮ್ಮದೇ ಬೇರೆ ತಂತಿ ಎಳೆದು, ಪ್ರತಿ ಮನೆಯಲ್ಲೂ ಒಂದು ಚೇಂಜ್‌ಓವರ್ ಸ್ವಿಚ್ ಇಡುವುದು ಹಳೆಯ ವಿಧಾನ, ಆದರೆ ಭದ್ರ. ಒಂದು ಹೊತ್ತಿಗೆ ಒಂದೇ ಕಡೆಯ ಕರೆಂಟ್ ಒಳಗೆ ಬರುತ್ತದೆ. ನಿಮ್ಮ ಮನೆಯ ಸೋಲಾರನ್ನು ಊರಿನ ತಂತಿಗೆ ಸೇರಿಸುವ ಮೊದಲೂ ಕಂಪನಿಗೆ ತಿಳಿಸಿ. ಹಳ್ಳ ಅರಣ್ಯ ಇಲಾಖೆಯ ಜಾಗದಲ್ಲಿ ಹರಿದರೆ ಅವರ ಅನುಮತಿ ಮೊದಲು, ಪೈಪ್ ಆಮೇಲೆ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇರಲಿಲ್ಲ. ಮನೆಗಳು ಎಷ್ಟು ದೂರ ದೂರ ಇವೆ? ಮಲೆನಾಡಿನಲ್ಲಿ 36 ಮನೆ ಎಂದರೆ ಮೂರು ಕಿಲೋಮೀಟರ್ ಹರಡಿರಲೂಬಹುದು. 230 ವೋಲ್ಟಿನ ತಂತಿಯಲ್ಲಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ವೋಲ್ಟೇಜ್ ಸೊರಗಿ ಬಲ್ಬು ಮಿಣುಕುತ್ತದೆ. ದಪ್ಪ ತಂತಿ ಹಾಕಿದರೆ ಖರ್ಚು ಟರ್ಬೈನನ್ನು ಮೀರುತ್ತದೆ. ಹಾಗಿದ್ದರೆ ಹಳ್ಳದ ಹತ್ತಿರದ ಹತ್ತು ಹದಿನೈದು ಮನೆಗೆ ಮಾತ್ರ ಮೈಕ್ರೋಗ್ರಿಡ್ ಮಾಡಿ. ದೂರದ ಮನೆಗಳು, ಲೈನ್ ಇಲ್ಲದಾಗ ಬ್ಯಾಟರಿಯಿಂದ ತಾನೇ ತಾಳ ಹಾಕಬಲ್ಲ, ತಮ್ಮದೇ ಹೈಬ್ರಿಡ್ ಇನ್ವರ್ಟರ್ ಮತ್ತು ಚಿಕ್ಕ ಬ್ಯಾಟರಿ ಇಟ್ಟುಕೊಳ್ಳಲಿ. ನಿಮ್ಮ 3 ಕಿಲೋವ್ಯಾಟಿಗೂ ಅದು ಆಗುತ್ತದೆ.

ಅದೂ ದೊಡ್ಡದಾಯಿತು ಎನಿಸಿದರೆ ಇನ್ನೂ ಚಿಕ್ಕದರಿಂದ ಶುರು ಮಾಡಬಹುದು. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದ ಗುಡ್ಡಗಾಡಿನಲ್ಲಿ ಅದ್ಜುಂತಾಸ್ ಎಂಬ ಊರಿದೆ. ನಮ್ಮ ಚಿಕ್ಕಮಗಳೂರಿನ ಹಾಗೆಯೇ ಕಾಫಿ ಬೆಳೆಯುವ ಸೀಮೆ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಬಡಿದು ಇಡೀ ದ್ವೀಪದ ಗ್ರಿಡ್ ನೆಲಕ್ಕೆ ಬಿತ್ತು. ಎಷ್ಟೋ ಕಡೆ ತಿಂಗಳುಗಟ್ಟಲೆ ಕರೆಂಟ್ ಇರಲಿಲ್ಲ. ಆದರೆ ಆ ಊರಿನ ಕಾಸಾ ಪುಯೆಬ್ಲೊ ಎಂಬ ಸಂಸ್ಥೆಯ ಮನೆಯೊಂದರಲ್ಲಿ ಮೊದಲೇ ಸೋಲಾರ್, ಬ್ಯಾಟರಿ ಇತ್ತು. ಉಸಿರಾಟದ ಯಂತ್ರ ನಡೆಸಲು, ಫೋನ್ ಚಾರ್ಜ್ ಮಾಡಲು ಜನ ಅಲ್ಲಿಗೆ ಬಂದರು. ಅದನ್ನು ಕಂಡ ಮೇಲೆ 2023ರಲ್ಲಿ ಆ ಊರ ಪೇಟೆಯ ಹತ್ತಕ್ಕೂ ಹೆಚ್ಚು ಅಂಗಡಿಗಳಿಗೆ ಮೈಕ್ರೋಗ್ರಿಡ್ ಬಂತು. ಔಷಧಿ ಅಂಗಡಿ, ಬೇಕರಿ ಅದರಲ್ಲಿವೆ. ನಿಮ್ಮ ಊರಿನ ಶಾಲೆ, ಹಾಲಿನ ಡೇರಿ, ಕುಡಿಯುವ ನೀರಿನ ಪಂಪು, ಈ ಮೂರು ಬೆಳಗಿದರೂ ನಾಲ್ಕು ದಿನ ತಡೆಯಬಹುದಲ್ಲವೇ? ಅಂದ ಹಾಗೆ, ನೀರಿನ ಟ್ಯಾಂಕನ್ನು ಎರಡು ಪಟ್ಟು ದೊಡ್ಡದು ಮಾಡಿ. ಎತ್ತರದಲ್ಲಿ ತುಂಬಿಟ್ಟ ನೀರಿಗಿಂತ ಅಗ್ಗದ ಬ್ಯಾಟರಿ ಇನ್ನೂ ಯಾರೂ ಮಾಡಿಲ್ಲ.

ಬಂದವರ ಜೊತೆ ಯಾವ ಕಾಗದಕ್ಕೂ ಈಗಲೇ ಸಹಿ ಹಾಕಬೇಡಿ. ಜುಲೈ ತಿಂಗಳ ದಿನಕ್ಕೆ ಎಷ್ಟು ಯೂನಿಟ್ ಬರುತ್ತದೆ, ಐದನೇ ವರ್ಷ ಬ್ಯಾಟರಿ ಕೆಟ್ಟರೆ ದುಡ್ಡು ಯಾರದ್ದು, ಈ ಎರಡನ್ನು ಮಾತ್ರ ಬರಹದಲ್ಲಿ ಕೇಳಿ. ಉತ್ತರ ಬರಲಿ, ನೋಡೋಣ.

ಅಷ್ಟರಲ್ಲಿ ನೀವು ಹಳ್ಳ ಅಳೆಯಿರಿ. ಒಂದು ಅಗಲ ಪೈಪಿನಲ್ಲಿ ನೀರನ್ನೆಲ್ಲ ತಿರುಗಿಸಿ 200 ಲೀಟರಿನ ಡ್ರಮ್ಮಿಗೆ ಬಿಡಿ. 13 ಸೆಕೆಂಡಿನಲ್ಲಿ ತುಂಬಿದರೆ ಅದೇ ಸೆಕೆಂಡಿಗೆ 15 ಲೀಟರ್. ಎತ್ತರವನ್ನು ಮೊಬೈಲಿನಲ್ಲಿ ನೋಡಬೇಡಿ, ಹತ್ತಿಪ್ಪತ್ತು ಮೀಟರ್ ತಪ್ಪು ತೋರಿಸುತ್ತದೆ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ಮಳೆ ಹೊಡೆಯುವಾಗ ಒಂದು ಸಲ, ಮಳೆ ಬಿಟ್ಟು ಹದಿನೈದು ದಿನಕ್ಕೆ ಇನ್ನೊಂದು ಸಲ, ದೀಪಾವಳಿಯ ಹೊತ್ತಿಗೆ ಮತ್ತೊಂದು ಸಲ. ಮೂರನ್ನೂ ತಾರೀಕು ಹಾಕಿ ಬರೆದು ಕಳಿಸಿ. ಪೈಪಿನ ಅಳತೆ, ಟರ್ಬೈನಿನ ಗಾತ್ರ ನಾನು ಲೆಕ್ಕ ಹಾಕಿ ತಿಳಿಸುತ್ತೇನೆ.